ಬೆನ್ನು ಗಾಡಿಗೆ, ಮುಖ ಮಂದಿಗೆ

ನನಗೆ ಕೇಳಿಸದೇ ಇದ್ದ ಸದ್ದಿನ ಬಗ್ಗೆ ನಾನು ತೀರ್ಪು ಹೇಳಿದೆ. ಹತ್ತರಗಿಯ ಹೈವೇ ಬಾಜೂ ಇರುವ ಹೋಟೆಲಿನ ಅಂಗಳದಲ್ಲಿ, ಹತ್ತು ಹನ್ನೆರಡು ಜನರ ಎದುರು. ಮೂಡಲಗಿಯ ವೆಲ್ಡರ್ ಶಿವಲಿಂಗ ಕೈಯಾರೆ ಮಾಡಿ ತಂದ ಜೋಡಿ ಸೈಲೆನ್ಸರ್ "ಡಬ್ಬಿ ಬಡದಂಗ ಐತಿ" ಎಂದೆ. ಅದು ಸುಳ್ಳು. ತಪ್ಪು ತಿಳಿದು ಹೇಳಿದ್ದಲ್ಲ — ಗೊತ್ತಿಲ್ಲ ಎನ್ನುವುದು ಗೊತ್ತಿದ್ದೂ ಹೇಳಿದ್ದು. ಈಗ ಆರು ವರ್ಷವಾಯಿತು.

ನಾನು ದುಂಡಪ್ಪ. ಗೋಕಾಕದಲ್ಲಿ ಮೂವತ್ತು ವರ್ಷದಿಂದ ಮೋಟಾರ್‌ಸೈಕಲ್ ಗ್ಯಾರೇಜು ನಡೆಸುತ್ತೇನೆ. ನನ್ನ ಕೆಲಸದ ಬಗ್ಗೆ ನನಗೆ ಸಂಕೋಚವಿಲ್ಲ. ದೊಡ್ಡ ಗಾಡಿಗಳ ಮಟ್ಟಿಗೆ ಈ ಮೂರು ತಾಲೂಕಿನಲ್ಲಿ ನನ್ನ ಕೈಗೆ ಸಮ ಇನ್ನೊಂದು ಕೈ ಇಲ್ಲ, ಇವತ್ತಿಗೂ ಇಲ್ಲ. ಆದರೆ ಮಂದಿ ಹೊಗಳಿದ್ದು ಕೈಯನ್ನಲ್ಲ, ಕಿವಿಯನ್ನು. "ದುಂಡಪ್ಪ ಕಾಕಾನ ಕಿವಿ" ಎಂದರೆ ಹುಕ್ಕೇರಿಯಿಂದ ಮೂಡಲಗಿಯವರೆಗೆ ನಡೆಯುವ ನಾಣ್ಯ. ಗ್ಯಾರೇಜಿನ ಫಲಕದ ಮೇಲೂ ಬರೆಸಿದ್ದೆ — "ಸದ್ದು ಕೇಳಿ ಹೇಳಲಾಗುವುದು." ನಮ್ಮ ಆಯಿ ಅನ್ನುತ್ತಿದ್ದಳು, ಹೆಸರು ಅಂದರೆ ಎಮ್ಮೆ ಇದ್ದಂಗ, ಹಾಲು ಬತ್ತಿದ ಮೇಲೂ ಹುಲ್ಲು ಹಾಕಬೇಕಾಗುತ್ತದೆ ಎಂದು. ನಾನು ಹಾಕಿದ ಹುಲ್ಲು ಎಂಥದು ಅಂತ ಈಗ ಹೇಳುತ್ತಿದ್ದೇನೆ.

ಸೈಲೆನ್ಸರ್ ಬಿಚ್ಚಿದ ಬುಲೆಟ್ಟುಗಳ ಬಾಯಿಗೆ ಕಿವಿ ಕೊಟ್ಟು ಕೊಟ್ಟು ನನ್ನ ಕಿವಿ ಸವೆದಿತ್ತು. ಪೂರಾ ಕಿವುಡಲ್ಲ. ಇಂಜಿನ್ನಿನ ದಪ್ಪ ಪೆಟ್ಟು ಕೇಳಿಸುತ್ತಿತ್ತು. ಸಣ್ಣ ಸದ್ದುಗಳು ಒಂದೊಂದಾಗಿ ಮನೆ ಬಿಟ್ಟು ಹೋದವು — ಗುಬ್ಬಿ, ಕುಕ್ಕರಿನ ಸೀಟಿ, ಚಹಾದ ಬಸಿಯ ಮೇಲೆ ಚಮಚ, ತಗಡಿನ ಝಿಲ್ ಝಿಲ್. ಹೆಂಡತಿಗೆ ಸಹ ಗೊತ್ತಾಗಲಿಲ್ಲ. ಯಾಕೆಂದರೆ ನಾನು ತುಟಿ ಓದುತ್ತಿದ್ದೆ.

ಅದು ಅಪ್ಪನಿಂದ ಬಂದ ವಿದ್ಯೆ. ಅಪ್ಪ ಗೋಕಾಕ ಫಾಲ್ಸಿನಲ್ಲಿ ಗಿರಣಿಯ ಮಗ್ಗದ ಖೋಲಿಯಲ್ಲಿದ್ದ. ಅಲ್ಲಿಯ ಗದ್ದಲದಲ್ಲಿ ಮಾತಾಡಿದರೆ ಕೇಳಿಸುವುದಿಲ್ಲ. ಎಲ್ಲರೂ ತುಟಿ ಆಡಿಸುತ್ತಾರೆ, ಎಲ್ಲರೂ ತುಟಿ ನೋಡುತ್ತಾರೆ. ಮನೆಗೆ ಬಂದರೂ ಆ ರೂಢಿ ಬಿಡುತ್ತಿರಲಿಲ್ಲ. ಆಯಿ ಮಲಗಿದ್ದರೆ ಅಪ್ಪ ತುಟಿಯಲ್ಲೇ ಕಥೆ ಹೇಳುತ್ತಿದ್ದ, ನಾನು ತುಟಿಯಲ್ಲೇ ಬೇಡುತ್ತಿದ್ದೆ. ಅಕ್ಷರ ಓದುವ ಮೊದಲು ನಾನು ಓದಿದ್ದು ಅವನ ಬಾಯಿಯನ್ನು. ಅಪ್ಪ ಕೊಟ್ಟ ಅಂಥಾ ಒಳ್ಳೆಯ ಆಸ್ತಿಯನ್ನು ನಾನು —

ಇರಲಿ. ತೀರ್ಪು ಹೇಳುವಾಗ ನನ್ನದೊಂದು ಪದ್ಧತಿ ಇತ್ತು. ಗಾಡಿಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆ, ಮುಖ ಮಂದಿಯ ಕಡೆಗೆ, ಕಣ್ಣು ಅರೆ ಮುಚ್ಚಿ. "ಕಾಕಾ ನೋಡಿ ಮರುಳಾಗೂದಿಲ್ಲ, ಬರೇ ಕೇಳ್ತಾರ" ಎನ್ನುತ್ತಿದ್ದರು. ಖರೆ ಅಂದರೆ ನಾನು ಅವರ ತುಟಿ ನೋಡುತ್ತಿದ್ದೆ. ಹತ್ತು ಮಂದಿ ಪಿಸುಗುಟ್ಟಿದ್ದರಲ್ಲಿ ಎಂಟು ಮಂದಿಯದು ಒಂದೇ ಮಾತಾಗಿರುತ್ತಿತ್ತು. ಅದನ್ನೇ ಗಟ್ಟಿಯಾಗಿ ಹೇಳಿದರೆ ತೀರ್ಪು.

ಆ ದಿನ ಗಾಡಿ ಹುಕ್ಕೇರಿಯ ಅರಿವೆ ವ್ಯಾಪಾರಿ ಭರತೇಶನದು. ಆರುನೂರೈವತ್ತು ಸೀಸಿ, ಎರಡು ಸಿಲಿಂಡರು, ಎರಡೂ ಬಾಜೂ ಒಂದೊಂದು ಸೈಲೆನ್ಸರ್. ಮೂರು ಜೋಡಿ ಹೋಲಿಸಿ ನೋಡಬೇಕಿತ್ತು: ಗಾಡಿಯ ಜೊತೆ ಬಂದದ್ದು, ಭರತೇಶ ಕೊಲ್ಹಾಪುರದಿಂದ ತಂದ ಕರೀ ಮೂತಿಯದು, ಆಮೇಲೆ ಶಿವಲಿಂಗನದು. ಶಿವಲಿಂಗ ದಿನವೂ ಕಬ್ಬಿನ ಟ್ರೇಲರಿಗೆ ವೆಲ್ಡಿಂಗ್ ಮಾಡುವವನು. ಹಾಲಿನ ಡೇರಿಯಲ್ಲಿ ಬಳಸುವ ಸ್ಟೀಲ್ ಪೈಪು ತಂದು, ಒಳಗಿನ ನಳಿಗೆಗೆ ಒಂದೊಂದೇ ತೂತು ಕೊರೆದು, ಸದ್ದು ಹೀರುವ ಗಾಜಿನ ಹತ್ತಿ ಸುತ್ತಿ ಮಾಡಿದ್ದ. "ಊರಾಗ ಮೆತ್ತಗ ಇರಬೇಕು ಕಾಕಾ, ತೊಟ್ಟಲಾಗಿನ ಕೂಸು ಏಳಬಾರದು. ಹೈವೇಕ್ಕ ಬಂದ ಮ್ಯಾಲೆ ಬಾಯಿ ಬಿಡಬೇಕು" ಎಂದಿದ್ದ. ಕಾಕಾ ಹೂಂ ಅಂದರೆ ಅಲ್ಲಿದ್ದ ಸವಾರರೆಲ್ಲ ಅವನಿಂದಲೇ ಮಾಡಿಸುವವರಿದ್ದರು. ಟ್ರೇಲರ್ ಕೆಲಸ ಬಿಟ್ಟು ಸ್ವಂತ ಶೆಡ್ಡು ಹಾಕುತ್ತೇನೆಂದು ಮಾಲೀಕನಿಗೆ ಹೇಳಿಯೇ ಬಂದಿದ್ದ.

ಒಂದು ಜೋಡಿ ಬಿಚ್ಚಿ ಇನ್ನೊಂದು ಹಾಕುವ ನಡುವೆ ಬಿಸಿ ಪೈಪಿಗೆ ಹಸೀ ಗೋಣಿಚೀಲ ಸುತ್ತಿ ಚಹಾ ಕುಡಿಯುತ್ತಿದ್ದೆವು. ಒಂದೊಂದು ಜೋಡಿ ಹಾಕಿ ಹೈವೇದಲ್ಲಿ ನಾನೇ ಓಡಿಸಿದೆ. ಗಾಡಿಯ ಜೊತೆ ಬಂದದ್ದು ಭಾರ, ಆದರೆ ನಂಬಿಗಸ್ತ. ಕೊಲ್ಹಾಪುರದ್ದು ಹಗುರ, ಮೂರನೇ ಗೇರಿನವರೆಗೆ ಎಳೆತ ಖಾಲಿ ಖಾಲಿ. ಶಿವಲಿಂಗನದರಲ್ಲಿ ಎಳೆತ ಎಲ್ಲಿಯೂ ತಪ್ಪಲಿಲ್ಲ, ಕಾಲಿಗೆ ಕಾವೂ ತಟ್ಟಲಿಲ್ಲ. ಇದನ್ನೆಲ್ಲ ಕೈ ಹೇಳಿತು, ಸೀಟು ಹೇಳಿತು, ನಾನೂ ಧೈರ್ಯವಾಗಿ ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮಂದಿ ಕಾಯುತ್ತಿದ್ದದ್ದು ಕಿವಿಯ ಮಾತಿಗೆ.

ಬೆನ್ನು ತಿರುಗಿಸಿ ನಿಂತೆ. ಕೊಲ್ಹಾಪುರದ್ದನ್ನು ಭರತೇಶನ ತುಟಿ ನೋಡಿಯೇ ಪಾಸ್ ಮಾಡಿದ್ದೆ, ಉಳಿದದ್ದು ಶಿವಲಿಂಗನದು. ನನ್ನ ಹಿಂದೆ ಶಿವಲಿಂಗ ಬಟನ್ ಒತ್ತುವವನಿದ್ದ, ಇನ್ನೂ ಒತ್ತಿರಲಿಲ್ಲ. ಎದುರಿಗೆ ಭರತೇಶ ಬಾಜೂದವನ ಕಡೆ ವಾಲಿ ತುಟಿ ಆಡಿಸಿದ — ಟ್ರೇಲರ್ ಬೆಸೆಯಾಂವ ಮಾಡಿದ್ದು ಡಬ್ಬಿ ಬಡದಂಗ ಇರತೈತಿ, ನೋಡ್ತಿರು. ಕೊಲ್ಹಾಪುರದ್ದು ಅವನು ಆಗಲೇ ಕೊಂಡಾಗಿತ್ತು, ಬೇರೇನು ಅಂದಾನು? ಇಂಜಿನ್ ಶುರುವಾಯಿತು. ಮಂದಿ ಬೆರಗಾದವರಂತೆ ಸುಮ್ಮನೆ ನಿಂತರು. ಯಾರ ತುಟಿಯೂ ಅಲುಗಲಿಲ್ಲ. ನನ್ನ ಹತ್ತಿರ ಇದ್ದದ್ದು ಆ ಒಂದೇ ಮಾತು — ಸದ್ದು ಹುಟ್ಟುವ ಮೊದಲೇ ಹುಟ್ಟಿದ ಮಾತು.

"ಡಬ್ಬಿ ಬಡದಂಗ ಐತಿ."

ಶಿವಲಿಂಗ ಇಂಜಿನ್ ಬಂದ್ ಮಾಡಿ ಎದುರಿಗೆ ಬಂದ. "ಡಬ್ಬಿ ಅಂದ್ರ್ಯಾ ಕಾಕಾ? ಇನ್ನೊಮ್ಮೆ ಕೇಳ್ರಿ."

"ಎರಡ ಸಲ ಕೇಳೂದು ನನಗ ರೂಢಿ ಇಲ್ಲೋ ತಮ್ಮಾ."

ಯಾರೋ ನಕ್ಕರು. "ಟ್ರೇಲರ್‌ಗೆ ಹಚ್ಚಿ ಬಿಡೋ ಶಿವಲಿಂಗ, ಕಬ್ಬೇನ ತಕರಾರು ಮಾಡೂದಿಲ್ಲ." ಅವನೂ ನಕ್ಕ. ಬಿಚ್ಚಿದ ಜೋಡಿಯನ್ನು ನನ್ನ ಜೀಪಿನಲ್ಲಿಟ್ಟು, "ನಿಮ್ಮ ಗುಜರಿ ಸಾಮಾನಿನಾಗ ಇದನ್ನೂ ಹಾಕ್ರಿ" ಎಂದು ಹೋದ. ನಾನು ಗುಜರಿಗೆ ಹಾಕಲಿಲ್ಲ. ಗ್ಯಾರೇಜಿನ ಅಟ್ಟಕ್ಕೆ ಹಾಕಿದೆ. ಯಾಕೆ ಹಾಕಿದೆ ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ — ಉತ್ತರ ಗೊತ್ತಿತ್ತಲ್ಲ.

ಈ ವರ್ಷ ಮಗಳು ಹಟ ಹಿಡಿದು ಕಿವಿಗೆ ಯಂತ್ರ ಹಾಕಿಸಿದಳು. ಮಂದಿಗೆ ಕಾಣದಿರಲೆಂದು ನಾನು ಟೋಪಿ ಕೆಳಗೆ ಎಳೆದುಕೊಂಡೆ. ಎರಡು ವಾರಕ್ಕೆ ಭರತೇಶ ಎಣ್ಣೆ ಬದಲಿಸಲು ಗಾಡಿ ತಂದ, ಅದೇ ಕರೀ ಮೂತಿಯ ಜೋಡಿ. ಶುರು ಮಾಡಿದೊಡನೆ ಝಿಲ್ ಝಿಲ್ ಎಂದಿತು, ಖಾಲಿ ಡಬ್ಬಿಯಲ್ಲಿ ಮೊಳೆ ಅಲುಗಿದಂತೆ.

"ಇದು ಯಾವಾಗಿಂದ ಹಿಂಗ?"

"ತಂದಾಗಿಂದ ಹಂಗ ಐತಲ್ರಿ ಕಾಕಾ. ನೀವ ಪಾಸ್ ಮಾಡಿದ್ದು."

ಅವನು ಚಹಾಕ್ಕೆ ಹೋದಾಗ ಅಟ್ಟದಿಂದ ಶಿವಲಿಂಗನ ಜೋಡಿ ಇಳಿಸಿ, ಧೂಳು ಒರೆಸಿ ಹಾಕಿದೆ. ಕೇಳಿದೆ. ಮೆತ್ತಗೆ, ತುಂಬಿದ ಗಡಿಗೆಯ ಹೊಟ್ಟೆಯೊಳಗಿಂದ ಬಂದಂತೆ. ಆಕ್ಸಿಲರೇಟರ್ ತಿರುವಿದರೆ ಒಂದೇ ದಮ್ಮಿನಲ್ಲಿ ಮೇಲೆದ್ದಿತು. ಬಿಟ್ಟರೆ ಒಂದೂ ಒಡಕಿಲ್ಲದೆ ಇಳಿಯಿತು. ತಗಡಿನ ಸದ್ದು ಎಲ್ಲಿಯೂ ಇರಲಿಲ್ಲ. ಇದ್ದಿದ್ದರೂ ಆ ದಿನ ನನಗೆ ಕೇಳಿಸುತ್ತಿರಲಿಲ್ಲ. ನನ್ನ ಕಿವಿ ಯಾವ ದೋಷವನ್ನು ಕೇಳಲಾರದೋ, ಅದನ್ನೇ ಅವನ ತಲೆಗೆ ಕಟ್ಟಿದ್ದೆ.

ಭರತೇಶ ಬಾಗಿಲಲ್ಲೇ ನಿಂತ. "ಇದು ಯಾವ್ದ್ರೀ ಕಾಕಾ? ಭಾರಿ ಐತಿ." ನಾನು ಇಂಜಿನ್ ಬಂದ್ ಮಾಡಿ ಆ ಜೋಡಿ ಬಿಚ್ಚತೊಡಗಿದೆ. ಇದನ್ನು ಮೊದಲು ಹೇಳಬೇಕಾದದ್ದು ಬೇರೊಬ್ಬನಿಗೆ.

ಮರುದಿನ ಮೂಡಲಗಿಗೆ ಹೋದೆ. ಶಿವಲಿಂಗ ಅದೇ ಮಾಲೀಕನ ಅಂಗಡಿಯಲ್ಲಿ, ಟ್ರೇಲರಿನ ಕೆಳಗೆ ಮಲಗಿ ಬೆಸೆಯುತ್ತಿದ್ದ. ಹೊರಗೆ ಬಂದು ಕನ್ನಡಕ ತೆಗೆದ. ನಾನು ಟೋಪಿ ತೆಗೆದು ಯಂತ್ರ ತೋರಿಸಿದೆ, ಎಲ್ಲ ಹೇಳಿದೆ. ಅವನು ಕೈಗವಸು ಝಾಡಿಸಿದ.

"ಅವತ್ತ ನನ್ನ ಕಿವಿಗೆ ಛಲೋನ ಕೇಳಿಸಿತ್ರಿ ಕಾಕಾ. ನಿಮ್ಮ ಮಾತ ಕೇಳಿ ನನ್ನ ಕಿವೀನ ಸುಳ್ಳ ಅನ್ಕೊಂಡೆ. ಆಮ್ಯಾಲೆ ಯಾವದೂ ಮಾಡಾಕ ಕೈ ಏಳಲಿಲ್ಲ."

ಬರುವ ರವಿವಾರ ಅದೇ ಮಂದಿಯನ್ನು ಅದೇ ಅಂಗಳಕ್ಕೆ ಕರೆದಿದ್ದೇನೆ, ನೀನೂ ಬಾ ಎಂದೆ.

"ನಾ ಬರಂಗಿಲ್ರಿ. ನಂದ ನನಗ ಗೊತ್ತೈತಿ ಈಗ. ನೀವ ಹೇಳೂದು ಅವರಿಗೈತಿ, ಹೇಳಿ ಬರ್ರಿ" ಎಂದು ಮತ್ತೆ ಟ್ರೇಲರಿನ ಕೆಳಗೆ ಹೋದ.

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಆರು ವರ್ಷ ಅವನ ಕೈ ಸುಮ್ಮನಿದ್ದದ್ದನ್ನು ಯಾವ ಮಾತೂ ತುಂಬಿಕೊಡುವುದಿಲ್ಲ. ಫಲಕದ ಮೇಲಿನ ಸಾಲನ್ನು ಇವತ್ತು ಬೆಳಗ್ಗೆ ಬಣ್ಣ ಬಳಿದು ಮುಚ್ಚಿದೆ. ರವಿವಾರ ಹತ್ತು ಗಂಟೆಗೆ ಹತ್ತರಗಿಗೆ ಹೋಗುತ್ತೇನೆ, ಟೋಪಿ ಇಲ್ಲದೆ. ಭರತೇಶನ ಗಾಡಿಗೆ ಶಿವಲಿಂಗನ ಜೋಡಿ ಹಾಕಿ ಶುರು ಮಾಡುತ್ತೇನೆ, ಯಾರದು ಎಂದು ಅವನ ಹೆಸರು ಹಿಡಿದು ಹೇಳುತ್ತೇನೆ, ಅವತ್ತಿನ ತೀರ್ಪು ಕೇಳಿ ಹೇಳಿದ್ದಲ್ಲ, ತುಟಿ ಓದಿ ಹೇಳಿದ ಸುಳ್ಳು ಎಂದೂ ಹೇಳುತ್ತೇನೆ. ಆಮೇಲೆ ಯಂತ್ರವನ್ನು ಕಿವಿಯಿಂದ ತೆಗೆದು ಸೀಟಿನ ಮೇಲಿಟ್ಟು, ಮಂದಿಗೆ ಬೆನ್ನು ಮಾಡಿ, ಗಾಡಿಗೆ ಮುಖ ಮಾಡಿ ನಿಲ್ಲುತ್ತೇನೆ. ಅವರು ಏನು ಬೇಕಾದರೂ ಅನ್ನಲಿ. ಯಾರ ತುಟಿಯನ್ನೂ ನಾನು ಓದುವುದಿಲ್ಲ.