ಗೂಡು ಎಂದು ಬರೆಸಿದ್ದು

ಬಸ್ ಡಿಪೋದ ಹಿಂಬಾಗಿಲಿಗೆ ಎದುರಾಗಿ ಆ ಅಂಗಡಿ. ದೊಡ್ಡದೇನಲ್ಲ. ಒಂದು ಕಟ್ಟೆ, ಒಂದು ಒಲೆ, ಎಣ್ಣೆ ಕುಡಿದು ಕರ್ರಗಾದ ಒಂದು ಕಾವಲಿ, ತಲೆಯ ಮೇಲೆ ತಗಡು. ಅಲ್ಲಿ ಚಹಾ ಬಿಟ್ಟರೆ ಸಿಗುವುದು ಒಂದೇ ತಿಂಡಿ. ಬ್ರೆಡ್ಡಿನ ನಡುವೆ ಲೋಟದ ಬಾಯಿ ಒತ್ತಿ ತೂತು ಮಾಡುವುದು, ಅದನ್ನು ಕಾವಲಿಯ ಮೇಲಿಟ್ಟು ತೂತಿನೊಳಗೆ ಮೊಟ್ಟೆ ಒಡೆದು ಹಾಕುವುದು, ಉಪ್ಪು, ಮೆಣಸಿನ ಪುಡಿ ಉದುರಿಸಿ ಮಗುಚುವುದು. ಕೆಲಸ ಇಷ್ಟೇ. ಆದರೆ ಅದಕ್ಕಿದ್ದಷ್ಟು ಹೆಸರು ಅರಮನೆಯಲ್ಲಿ ಹುಟ್ಟಿದ ಕೂಸಿಗೂ ಇರಲಿಕ್ಕಿಲ್ಲ.

ಡ್ರೈವರುಗಳು ಹೆಡ್‌ಲೈಟು ಎನ್ನುತ್ತಿದ್ದರು. ಪಕ್ಕದ ಸಾಲಿನ ಟೈಲರಿಗೆ ಅದು ಕಾಜ, ಗುಂಡಿ ಹಾಕಿ ಮುಚ್ಚಿದ ಕಾಜ. ನಿವೃತ್ತ ಮೇಷ್ಟ್ರು ನಾಲಿಗೆ ಹೊರಳಿಸಿ ಪೂರ್ಣಚಂದ್ರ ಎಂದು ಕೇಳುತ್ತಿದ್ದರು. ಕ್ಷೌರಿಕ ಮಾತ್ರ ಮೇಷ್ಟ್ರ ತಲೆಯ ಕಡೆ ನೋಡಿಕೊಂಡೇ, "ನಂಗೊಂದು ಬೋಳುತಲೆ" ಎನ್ನುತ್ತಿದ್ದ. ಅಂಗಡಿಯವನು ಎಲ್ಲದಕ್ಕೂ "ಬಂತು" ಎನ್ನುವನು. ಯಾರನ್ನೂ ತಿದ್ದಿದವನಲ್ಲ. "ಒಂದು ಹೆಸರು ಅಂತ ಇಟ್ಬಿಡಿ ಅಣ್ಣಾ" ಎಂದರೆ, "ತಿನ್ನೋನು ನೀನು, ಹೆಸರಿಡೋನು ನಾನಾ?" ಎಂದು ನಗುತ್ತಿದ್ದ.

ಅವನು ಈಗಿಲ್ಲ. ಒಂದು ಬೆಳಿಗ್ಗೆ ಅಂಗಡಿಯ ಬೀಗದ ಕೈ ಹುಡುಕುತ್ತಿದ್ದವನು ಕೂತ. ಕೂತವನು ಏಳಲಿಲ್ಲ.

ಹೆಂಡತಿ ಅತ್ತಳು, ಆಮೇಲೆ ಅಂಗಡಿ ತೆರೆದಳು. ತೆರೆಯದೆ ಬೇರೆ ದಾರಿ ಇರಲಿಲ್ಲ. ಅವನಿದ್ದಾಗಲೂ ಕಾವಲಿ ಅವಳ ಕೈಯಲ್ಲೇ ಇತ್ತು. ಮಾತು ಅವನದು, ಸೌಟು ಅವಳದು. ಈಗ ಎರಡೂ ಅವಳ ಮೇಲೆಯೇ ಬಿದ್ದವು. ಗಿರಾಕಿಗಳು ಬಿಡಲಿಲ್ಲ. ಮೊದಲಿಗಿಂತ ಹೆಚ್ಚೇ ಬಂದರು. "ಅಣ್ಣ ಹೋದ್ರೂ ಅತ್ತಿಗೆ ಕೈರುಚಿ ಎಲ್ಲಿ ಹೋಗುತ್ತೆ? ಇದನ್ನ ಕಂಡುಹಿಡಿದೋರೇ ಅವರಲ್ವಾ" ಎಂದು ಡ್ರೈವರು ಹೊಸಬರಿಗೆ ಹೇಳುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ. ಹೌದು ಎಂದವಳೂ ಅಲ್ಲ, ಅಲ್ಲ ಎಂದವಳೂ ಅಲ್ಲ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಒರೆಸಿದ ಕಾವಲಿಯನ್ನೇ ಮತ್ತೆ ಒರೆಸುತ್ತಿದ್ದಳು.

ಅದನ್ನು ಕಂಡುಹಿಡಿದವಳು ಅವಳಲ್ಲ. ಅವನ ಮೊದಲ ಹೆಂಡತಿ. ಊಟಕ್ಕೆ ಹಟ ಮಾಡುವ ಮಗಳಿಗೆ ಮೊಟ್ಟೆ ತಿನ್ನಿಸಲು ಆ ತಾಯಿ ಹೂಡಿದ ಉಪಾಯ ಅದು. ಬ್ರೆಡ್ಡು ಗೂಡಂತೆ, ಮೊಟ್ಟೆ ಒಳಗೆ ಮಲಗಿದೆಯಂತೆ. ಹಾಗೆ ಅದು ಅವರ ಮನೆಯಲ್ಲಿ ಗೂಡು. ತಾಯಿ ಕಾಯಿಲೆಯಲ್ಲಿ ತೀರಿಕೊಂಡಳು. ಡಿಪೋದಲ್ಲಿ ಬಸ್ ತೊಳೆಯುತ್ತಿದ್ದವನು ಮಗಳನ್ನು ಬಿಟ್ಟು ರಾತ್ರಿಪಾಳಿಗೆ ಹೋಗಲಾರದೆ ಕೆಲಸ ಬಿಟ್ಟ. ತನಗೆ ಬರುತ್ತಿದ್ದ ಅಡುಗೆ ಅದೊಂದೇ. ಅದನ್ನೇ ನಂಬಿ ಒಲೆ ಹೂಡಿದ.

ಇವಳು ಬಂದದ್ದು ಆಮೇಲೆ. ಬಂದ ಹೊಸದರಲ್ಲಿ ಹುಡುಗಿ ತಟ್ಟೆ ಹಿಡಿದು ನಿಂತು, "ಚಿಕ್ಕಮ್ಮ, ಗೂಡು" ಎಂದಿತು.

"ಎಂಥದ್ದು?"

"ಅವಳಮ್ಮ ಹಾಗೆ ಕರೀತಿದ್ಲು" ಎಂದ ಗಂಡ, ನೆಲ ನೋಡುತ್ತ.

ಇವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಗೋಡೆಯ ಮೇಲಿನ ಫೋಟೊ ಸಾಲದೆಂದು ತಟ್ಟೆಯಲ್ಲೂ ಅವಳೇ ಎನ್ನಿಸಿತು. "ಗೂಡುಗೀಡು ನಂಗೊತ್ತಿಲ್ಲ. ಮೊಟ್ಟೆ ಬ್ರೆಡ್ ಅಂತ ಕೇಳು, ಕೊಡ್ತೀನಿ" ಎಂದಳು. ಬೀದಿಯವರು ಇಟ್ಟ ಹೆಸರಿಗೆಲ್ಲ ಬಂತು ಎನ್ನುತ್ತಿದ್ದ ಗಂಡ ಅಂದು ತುಟಿ ಬಿಚ್ಚಲಿಲ್ಲ. ಹುಡುಗಿ ಮೊಟ್ಟೆ ಬ್ರೆಡ್ ಎಂದು ಕೇಳಲಿಲ್ಲ. ಮನೆಯಲ್ಲಿ ಅದನ್ನು ತಿನ್ನುವುದನ್ನೇ ಬಿಟ್ಟಿತು.

ಒಮ್ಮೆ ಇವಳು ಮರೆತ ಚೀಲಕ್ಕಾಗಿ ಅಂಗಡಿಗೆ ಹಿಂದಿರುಗಿದಾಗ ತಗಡಿನ ಮರೆಯ ಆಚೆ ಗಂಡನ ಪಿಸುಮಾತು ಕೇಳಿತು. "ಪುಟ್ಟೀ, ಗೂಡು ಬೇಕಾ?" ಹುಡುಗಿ ಕಿಲಕಿಲ ನಗುತ್ತಿತ್ತು. ಇವಳು ಒಳಗೆ ಕಾಲಿಟ್ಟದ್ದೇ ತಡ, ನಗು ನಿಂತಿತು. ಹುಡುಗಿ ತಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿತು, ಕದ್ದ ಮಾಲಿನ ಹಾಗೆ. ಗಂಡ ಕಾವಲಿ ಒರೆಸತೊಡಗಿದ. ಇವಳು ಏನೂ ಕಾಣದವಳಂತೆ ಚೀಲ ತೆಗೆದುಕೊಂಡು ಹೋದಳು. ಅಂದಿನಿಂದ ಇಂದಿನವರೆಗೆ ಆ ತಟ್ಟೆ ಅವಳ ಕಣ್ಣಿನಿಂದ ಮರೆಯಾಗಿಲ್ಲ.

ಮಗಳು ಈಗ ದೊಡ್ಡವಳು. ಔಷಧಿ ಅಂಗಡಿಯಲ್ಲಿ ಕೆಲಸ. ಅಪ್ಪ ಹೋದ ಮೇಲೂ ಬೆಳಿಗ್ಗೆ ಬಂದು ಲೋಟ ತೊಳೆದು, ಮೊಟ್ಟೆಯ ಟ್ರೇ ಇಳಿಸಿಕೊಟ್ಟು ಕೆಲಸಕ್ಕೆ ಹೋಗುತ್ತಾಳೆ. ಜಗಳವಿಲ್ಲ, ಸಲಿಗೆಯೂ ಇಲ್ಲ. "ಚಹಾ ಕುಡೀತೀಯಾ?" "ಬೇಡ ಚಿಕ್ಕಮ್ಮ." ಇವಳಿಗೆ ಭಯವಿದ್ದದ್ದು ಇದೇ. ಅಪ್ಪ ಇಲ್ಲ, ಇನ್ನು ಈ ಹುಡುಗಿ ಯಾವ ಋಣಕ್ಕೆ ಬರಬೇಕು? ಒಂದು ದಿನ ಬರುವುದು ನಿಲ್ಲುತ್ತದೆ. ನಿಂತರೆ ಕೇಳುವ ಮುಖ ತನಗಿಲ್ಲ.

ಹೀಗಿರುವಾಗ ಬೋರ್ಡು ಬರೆಯುವವನು ಒಂದು ಹಲಗೆ ಹೊತ್ತು ತಂದ.

"ಅತ್ತಿಗೇ, ಅಣ್ಣನ ನೆನಪಿಗೆ ನನ್ನದೊಂದು ಬೋರ್ಡು. ದುಡ್ಡಿನ ಮಾತೆತ್ತಿದ್ರೆ ಈ ಕಡೆ ತಲೆ ಹಾಕಲ್ಲ. ಏನಂತ ಬರೀಲಿ, ಹೇಳಿ."

ಅವಳು ಬಾಯಿ ತೆರೆಯುವ ಮೊದಲೇ ಡ್ರೈವರು ಎದ್ದು ನಿಂತ. "ಇದರಲ್ಲಿ ಕೇಳೋದೇನಿದೆ? ಹೆಡ್‌ಲೈಟು!"

"ನಿನ್ನ ಬಸ್ಸಿಗೇ ಹೆಡ್‌ಲೈಟಿಲ್ಲ, ಇಲ್ಲಿ ಹಚ್ಚಕ್ಕೆ ಬಂದ" ಎಂದ ಟೈಲರ್. "ಕಾಜ ಅಂತ ಬರೀರಿ. ಎರಡೇ ಅಕ್ಷರ. ಬಣ್ಣ ಉಳಿಯುತ್ತೆ."

"ಪೂರ್ಣಚಂದ್ರ ಅಂದರೆ ಅಂಗಡಿಗೊಂದು ಗೌರವ" ಎಂದರು ಮೇಷ್ಟ್ರು.

"ಗೌರವ ಬೇಕಾದ್ರೆ ಮೇಷ್ಟ್ರ ತಲೆ ಚಿತ್ರಾನೇ ಬಿಡಿಸಿಬಿಡಪ್ಪ. ಓದಕ್ಕೆ ಬರದವರಿಗೂ ಗೊತ್ತಾಗುತ್ತೆ" ಎಂದ ಕ್ಷೌರಿಕ. ಮೇಷ್ಟ್ರೂ ನಕ್ಕುಬಿಟ್ಟರು.

ಅವಳು ನಗಲಿಲ್ಲ. ಮಗಳು ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಕಾವಲಿಯಿಂದ ಹೊಗೆ ಏಳುತ್ತಿತ್ತು. ಇಷ್ಟು ವರ್ಷ ಎದೆಯಲ್ಲಿ ಕೂತಿದ್ದ ಭಾರ ಇಳಿಸಲು ಇದೇ ಜಾಗ ಎನ್ನಿಸಿತು. ಹುಡುಗಿಯ ಬಾಯಿಂದ ಕಿತ್ತುಕೊಂಡದ್ದನ್ನು ನಾಲ್ಕು ಜನರೆದುರು, ದೊಡ್ಡ ಅಕ್ಷರದಲ್ಲಿ ಹಿಂದಿರುಗಿಸಬೇಕು.

"ಗೂಡು ಅಂತ ಬರಿಯಪ್ಪ" ಎಂದಳು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. "ಅದ್ಯಾರು ಇಟ್ಟ ಹೆಸರು?"

"ಇದನ್ನ ಮೊದಲು ಮಾಡಿದೋಳು. ನಾನಲ್ಲ. ಮಗಳ ಹೆತ್ತಮ್ಮ." ಆಡಿದ ಮೇಲೆ ಒಲೆಯ ಉರಿ ತಗ್ಗಿಸಿದಳು. ಎದೆ ಹಗುರವಾಯಿತು. ಆ ರಾತ್ರಿ ಅವಳು ಗಂಡ ಹೋದ ಮೇಲೆ ಮೊದಲ ಸಲ ಚೆನ್ನಾಗಿ ನಿದ್ದೆ ಮಾಡಿದಳು. ಹುಡುಗಿ ಬೋರ್ಡು ನೋಡುತ್ತಾಳೆ, ಕಣ್ಣಲ್ಲಿ ನೀರು ಬರುತ್ತದೆ, ಇನ್ನು ಬಿಟ್ಟು ಹೋಗುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕಿಕೊಂಡೇ ಮಲಗಿದ್ದಳು.

ಬೆಳಿಗ್ಗೆ ಬೋರ್ಡು ಏರಿತು. ಕೆಂಪು ಬಣ್ಣ, ಇನ್ನೂ ಅಂಟಂಟು. ಪಕ್ಕದಲ್ಲೊಂದು ಹಕ್ಕಿಯನ್ನೂ ಬಿಡಿಸಿದ್ದ, ಕೇಳದಿದ್ದರೂ. ಮಗಳು ಬರುವ ಹೊತ್ತಿಗೆ ಕಟ್ಟೆಯ ತುಂಬ ಜನ. ಡ್ರೈವರು ಬೀದಿಗೆ ಕೇಳುವಂತೆ ಕೂಗುತ್ತಿದ್ದ. "ಅತ್ತಿಗೇ, ಎರಡು ಗೂಡು! ಹಕ್ಕಿ ಹಾರಿಹೋಗೋ ಮುಂಚೆ ಕೊಡ್ರಿ! ಒಂದಕ್ಕೆ ಖಾರ ಜಾಸ್ತಿ, ಗೂಡಿಗೆ ಬೆಂಕಿ ಬೀಳಬೇಕು!" ಜನ ನಕ್ಕರು.

ಮಗಳು ನಿಂತಲ್ಲೇ ನಿಂತಳು. ಬೋರ್ಡು ಓದಿದಳು. ಮುಖದ ಬಣ್ಣ ಇಳಿಯಿತು. ಒಳಗೆ ಬಂದು ಲೋಟಗಳ ಬಕೆಟ್ಟಿಗೆ ಕೈ ಹಾಕಿದಳು, ತೊಳೆಯಲಿಲ್ಲ.

"ಯಾರು ಹೇಳಿದ್ದು ಇದನ್ನ ಹಾಕಕ್ಕೆ?"

"ನಾನೇ. ನಿಮ್ಮಮ್ಮನ ಹೆಸರು ಉಳೀಲಿ ಅಂತ…"

"ಇದು ಅಂಗಡಿ ಹೆಸರಲ್ಲ ಚಿಕ್ಕಮ್ಮ." ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಅಮ್ಮ, ಅಪ್ಪ, ನಾನು. ಮೂರೇ ಜನ ಹೀಗಂತಿದ್ದದ್ದು. ಅಪ್ಪ ಊರೋರ ಹೆಸರೆಲ್ಲ ಒಪ್ಕೊಂಡ್ರು, ಇದನ್ನ ಮಾತ್ರ ಒಬ್ಬರಿಗೂ ಹೇಳಲಿಲ್ಲ. ಯಾಕೆ ಅಂತ ಒಂದ್ಸಲ ಕೇಳಿದ್ರಾ? ಮನೇಲಿ ಆಡಬೇಡ ಅಂದ್ರಿ. ಆಡಲಿಲ್ಲ. ಈಗ ಡಿಪೋದವರೆಲ್ಲ ಕೂಗ್ತಿದ್ದಾರೆ. ನಂಗೆ ಇನ್ನೇನು ಉಳೀತು?"

ಅವಳು ಕಾವಲಿಯ ಮೇಲಿದ್ದುದನ್ನು ಇಳಿಸಿದಳು. ಕ್ಷಮಿಸು ಎನ್ನೋಣವೆಂದರೆ ಯಾವುದಕ್ಕೆ ಎಂದು ಹೇಳುವುದು? ಮೊದಲು ಬಾಯಿಂದ ಕಿತ್ತುಕೊಂಡಳು, ಈಗ ಬೀದಿಗೆ ಹಂಚಿದಳು. ಕೊಟ್ಟೆ ಎಂದುಕೊಂಡು ಕೊಟ್ಟದ್ದೂ ತನ್ನ ನಿದ್ದೆಗಾಗಿಯೇ. ಹುಡುಗಿಗೆ ಏನು ಬೇಕೆಂದು ಈ ಸಲವೂ ಕೇಳಿರಲಿಲ್ಲ.

ಅವಳು ಒಲೆ ಆರಿಸಿದಳು. ಡಿಪೋದ ಮೆಕ್ಯಾನಿಕ್ಕಿನ ಹತ್ತಿರ ಸೀಮೆಎಣ್ಣೆ, ಬಟ್ಟೆ ಇಸಿದುಕೊಂಡು ಬಂದು ಸ್ಟೂಲು ಹತ್ತಿ ಬೋರ್ಡು ಉಜ್ಜತೊಡಗಿದಳು. ಹಸಿ ಬಣ್ಣ, ಬೇಗ ಎದ್ದುಬಂತು. ಹಲಗೆಯ ತುಂಬ ಕೆಂಪು ಹರಡಿತು. ಹಕ್ಕಿಯೂ ಹೋಯಿತು.

"ಇದೇನತ್ತಿಗೇ, ಬೋರ್ಡಿನ ಹುಡುಗ ಅಷ್ಟು ಚೆಂದಾಗಿ ಬರೆದಿದ್ದ!" ಎಂದ ಡ್ರೈವರು.

"ಅವನ ಹತ್ರ ನಾನು ಮಾತಾಡ್ತೀನಿ."

"ಮತ್ತೆ ನಾನೇನಂತ ಕೇಳ್ಲಿ?"

"ಮೊನ್ನೆವರೆಗೆ ಏನಂತಿದ್ದೆ?"

"ಹೆಡ್‌ಲೈಟು."

"ಅದನ್ನೇ ಕೇಳು. ಆ ಹೆಸರು ಇನ್ನೊಂದ್ಸಲ ಎತ್ತಿದವರಿಗೆ ಚಹಾನೂ ಇಲ್ಲ."

ಸ್ಟೂಲಿನ ಒಂದು ಕಾಲು ಕುಂಟು. ಮೂಲೆಗೆ ಕೈ ಚಾಚಿದಾಗ ವಾಲಿತು. ಯಾರೋ ಕೆಳಗಿನಿಂದ ಗಟ್ಟಿಯಾಗಿ ಹಿಡಿದರು. ನೋಡಿದರೆ ಮಗಳು. ಮುಖ ಬೇರೆ ಕಡೆ ತಿರುಗಿತ್ತು.

"ಬಿದ್ರೆ ನೋಡ್ಕೊಳ್ಳೋಳು ನಾನೇ ತಾನೇ" ಎಂದಳು.

ಇಳಿದ ಮೇಲೆ ಅವಳು ಮೆಲ್ಲಗೆ, "ನಾಳೆ ಬರ್ತೀಯಾ?" ಎಂದಳು. ಕೇಳಲು ಇಷ್ಟು ದಿನ ಧೈರ್ಯವಿರಲಿಲ್ಲ.

"ಗೊತ್ತಿಲ್ಲ ಚಿಕ್ಕಮ್ಮ." ಮಗಳು ಕೈ ಒರೆಸಿಕೊಂಡು, ಚೀಲ ಹೆಗಲಿಗೆ ಹಾಕಿ ಹೋದಳು. ಲೋಟಗಳು ಹಾಗೇ ಉಳಿದವು.

ಅವಳು ಸೋಪು ಹಚ್ಚಿ ಕೈ ತೊಳೆದಳು, ಮತ್ತೆ ತೊಳೆದಳು. ಒಲೆ ಹಚ್ಚಿದಳು. ಮೊದಲ ಮೊಟ್ಟೆ ಒಡೆಯುವಾಗ ಹಳದಿ ಹರಿದುಹೋಯಿತು. ಗಿರಾಕಿಗೆ ಕೊಡುವಂತಿರಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ. ಜನಕ್ಕೆ ಬೆನ್ನು ಹಾಕಿ, ನಿಂತುಕೊಂಡೇ ತಾನೇ ತಿಂದಳು. ಸೀಮೆಎಣ್ಣೆ ವಾಸನೆ ಹೊಡೆಯುತ್ತಿತ್ತು. ಆದರೂ ಪೂರ್ತಿ ತಿಂದಳು.

"ಅತ್ತಿಗೇ, ಹೆಡ್‌ಲೈಟು ಎಲ್ಲಿ?" ಎಂದು ಡ್ರೈವರು ಕೂಗಿದ.

"ಬಂತು" ಎಂದು, ತೊಳೆಯದ ಲೋಟಗಳಲ್ಲಿ ಒಂದನ್ನು ಎತ್ತಿಕೊಂಡು ನೀರಿನ ಬಳಿ ಕೂತಳು.