ಬಜ್ಪೆಯಿಂದ ಡೊಂಬಿವಲಿಗೆ, ಮಲ್ಲಿಗೆ ಬಾಡುವ ಮೊದಲು

ನಮ್ಮೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈಗೆ ಹಾರಿ ಬರಲು ಒಂದೂವರೆ ಗಂಟೆ. ಇಳಿದ ಮೇಲೆ ಡೊಂಬಿವಲಿಯ ನಮ್ಮ ಮನೆಗೆ ಟ್ಯಾಕ್ಸಿಯಲ್ಲಿ ಬರಲು ಮೂರು ಗಂಟೆ! ಮದುವೆಯಾಗಿ ಬಂದ ದಿನವೇ ಇದನ್ನು ಅನುಭವಿಸಿ ಕಣ್ಣೀರು ಹಾಕಿದವಳು ನಾನು. ಊರಿನವರಿಗೆ "ಮುಂಬೈಗೆ ಹೋದಳು" ಎಂದರೆ ಮುಗಿಯಿತು. ಮುಂಬ್ರಾದ ಗುಡ್ಡದ ಬುಡದಲ್ಲಿ ಲಾರಿಗಳ ಹಿಂದೆ ಕೂತು ಬೆವರುವುದು ಅವರಿಗೇನು ಗೊತ್ತು?

ಅಮ್ಮನಿಗೂ ಗೊತ್ತಿರಲಿಲ್ಲ. ಓರಗಿತ್ತಿ ಸುಮತಿಯ ಸೀಮಂತಕ್ಕೆ ಊರಿನ ಮಲ್ಲಿಗೆಯನ್ನೇ ತರಿಸುತ್ತೇನೆಂದು ನಾನು ಜಂಬದಿಂದ ಮಾತು ಕೊಟ್ಟಿದ್ದೆ. "ಬೆಳಿಗ್ಗೆ ವಿಮಾನ ಹತ್ತಿದ್ರೆ ತಿಂಡಿಗೆ ನಿಮ್ಮಲ್ಲಿರ್ತೇನೆ ಮಾರಾಯ್ತಿ," ಎಂದಳು ಅಮ್ಮ ಫೋನಿನಲ್ಲಿ. ನಮ್ಮಲ್ಲಿ ಬಜ್ಪೆಯ ಗುಡ್ಡ ಇಳಿದರೆ ಮನೆ ಬಂದ ಹಾಗೆಯೇ. ಅವಳ ಲೆಕ್ಕ ಅದು.

ಅತ್ತೆಗೆ ನಂಬಿಕೆ ಬರಲಿಲ್ಲ. "ಬಾಡಿದ ಹೂ ಬಸುರಿಯ ತಲೆಗೆ ಮುಡಿಸ್ಲಿಕ್ಕಿಲ್ಲ. ಮುಹೂರ್ತಕ್ಕೆ ಬಾರದಿದ್ರೆ ಸ್ಟೇಷನ್ ಎದುರಿನ ಗಜರಾ ಸಾಕು," ಎಂದರು. ಗಜರಾ ಎಂದರೆ ಇಲ್ಲಿಯ ಹೂದಂಡೆ. ನಾನು ಬಂದು ಆರೇ ತಿಂಗಳು. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಬರಬೇಕಾದರೆ ಹೂ ಬಾಡದೆ ಬರಬೇಕಿತ್ತು.

ಸೀಮಂತದ ಬೆಳಿಗ್ಗೆ ನಾನು ಕರೆತರಲು ಹೋದಾಗ, ಅಮ್ಮ ಮಲ್ಲಿಗೆ ಸುತ್ತಿದ ಬಾಳೆಎಲೆಯ ಕಟ್ಟನ್ನು ಕೂಸಿನಂತೆ ಅವಚಿಕೊಂಡು ವಿಮಾನ ನಿಲ್ದಾಣದಿಂದ ಹೊರಬಂದಳು.

"ಟ್ಯಾಕ್ಸಿ ಎಲ್ಲಿ?" ಎಂದಳು.

"ಟ್ಯಾಕ್ಸಿಯಲ್ಲಿ ಹೋದ್ರೆ ಹೂವಿನ ಒಟ್ಟಿಗೆ ನಾವೂ ಬಾಡ್ತೇವೆ. ನೀನು ಬಾ."

ರಿಕ್ಷಾದಲ್ಲಿ ಘಾಟ್ಕೋಪರ್‌ಗೆ ಬಂದು ಡೊಂಬಿವಲಿ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿದೆವು. ಬೆಳಿಗ್ಗೆ ಜನವೆಲ್ಲ ಮುಂಬೈ ಕಡೆ ಓಡುವುದರಿಂದ ನಮ್ಮ ಗಾಡಿ ಖಾಲಿ. ಎದುರಿನ ರೈಲುಗಳಲ್ಲಿ ಜೋತುಬಿದ್ದವರನ್ನು ನೋಡಿ ಅಮ್ಮ, "ಅಯ್ಯೋ ದೇವರೇ! ನಮ್ಮದು ಸುಲಭ ಆಯ್ತಲ್ಲ," ಎಂದಳು.

"ಹತ್ತಿದ್ದು ಸುಲಭ. ಇಳಿಯುವುದುಂಟಲ್ಲ!"

ಈ ಗಾಡಿ ಡೊಂಬಿವಲಿಯಲ್ಲೇ ತಿರುಗಿ ಮುಂಬೈಗೆ ಹೊರಡುತ್ತದೆ. ಸೀಟು ಹಿಡಿಯಲು ಹೆಂಗಸರು ಅದು ನಿಲ್ಲುವ ಮೊದಲೇ ಒಳಗೆ ಹಾರುತ್ತಾರೆ. ಅಂದೂ ಹಾರಿದರು. ಅಮ್ಮ ಬಾಗಿಲಲ್ಲೇ ಸಿಕ್ಕಿಬಿದ್ದಳು. ಮೊಣಕೈಗಳ ನಡುವೆ ಬಾಳೆಎಲೆ ಚರ್ರೆಂದು ಸೀಳಿತು. ಅಲ್ಲಿಯವರೆಗೆ ಮರಾಠಿ ಆಡಲು ನಾಚಿ ತರಕಾರಿಯನ್ನೂ ಬೆರಳು ತೋರಿಸಿಯೇ ಕೊಳ್ಳುತ್ತಿದ್ದ ನಾನು ಗಂಟಲು ಹರಿಯುವಂತೆ ಕಿರುಚಿದೆ:

"ಥಾಂಬಾ! ಡೋಹಾಳಜೇವಣಾಚೀ ಫುಲಂ ಆಹೇತ!"

ನಿಲ್ಲಿ, ಸೀಮಂತದ ಹೂ ಎಂದು ಅರ್ಥ. ಅಷ್ಟೂ ಹೆಂಗಸರು ನಿಂತರು! ಒಬ್ಬಾಕೆ ತಲೆಯ ಮೇಲಿಂದ ಕಟ್ಟನ್ನು ಎತ್ತಿ ಹೊರಗೆ ಕೊಟ್ಟಳು, ಇನ್ನೊಬ್ಬಳು ಅಮ್ಮನ ಕೈಹಿಡಿದು ಇಳಿಸಿದಳು. ಅವರಿಬ್ಬರಿಗೂ ಆ ದಿನ ಸೀಟು ಸಿಕ್ಕಿರಲಾರದು.

ಮನೆಯಲ್ಲಿ ಎಲೆ ಬಿಚ್ಚಿದಾಗ ಮೊಗ್ಗು ಇನ್ನೂ ಅರಳಿರಲಿಲ್ಲ. ಅತ್ತೆ ಮುಟ್ಟಿ ನೋಡಿದರು, ಮೂಸಿದರು. ಆಮೇಲೆ ದಂಡೆಯನ್ನು ನನ್ನ ಕೈಗೇ ಕೊಟ್ಟು, "ನೀನೇ ಮುಡಿಸು," ಎಂದರು. ಅಂದು ನಾನು ನೆಲದ ಮೇಲೆ ನಡೆಯಲಿಲ್ಲ.

ಅಮ್ಮ ಅಪ್ಪನಿಗೆ ಫೋನು ಹಚ್ಚಿದ್ದಳು. "ಹ್ಞಾಂ, ಮುಟ್ಟಿದೆ. ನಮ್ಮ ಹುಡುಗಿಯದ್ದೇ ದರ್ಬಾರು ಮಾರಾಯ್ರೆ, ಅವಳ ಊರಲ್ಲಿ!"

ಅವಳ ಊರು! ಎದೆ ಉಬ್ಬಿತು. ಆದರೆ ಹೆತ್ತವಳ ಬಾಯಲ್ಲೇ ನನ್ನ ಊರು ಬದಲಾಗಿತ್ತು. ಉಳಿದ ಗೇಣುದ್ದ ಮಲ್ಲಿಗೆಯನ್ನು ನಾನೇ ಮುಡಿದುಕೊಂಡು, ನನ್ನ ಊರಿನವರಿಗೆ ಊಟ ಬಡಿಸಲು ಹೋದೆ.