ಚಾವಣಿ ನೋಡುವ ನಮ್ಮ ಭಾವ

ನಮ್ಮ ಭಾವನ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಕೋಪ, ಅಳು ಆಮೇಲೆ. ಅಕ್ಕ ಹೋಗಿ ಏಳು ತಿಂಗಳಾಯಿತು. ಈಗಲೂ ಅವರ ಮುಖ ಕಂಡ ಕೂಡಲೇ ಪಿತ್ತ ನೆತ್ತಿಗೇರುತ್ತದೆ. ಅವರು ಲೋಟ ತೊಳೆದು, ಚಹಾ ಮಾಡಿ, ಮುಂದೆ ತಂದಿಟ್ಟರೆ ಇಳಿಯುತ್ತದೆ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಯಾವ ಕಟ್ಟಡಕ್ಕೆ ಹೋದರೂ ನಾವು ನೀವು ಕೌಂಟರ್ ಎಲ್ಲಿದೆ, ಕೂರಲು ಜಾಗ ಎಲ್ಲಿದೆ ಎಂದು ನೋಡುತ್ತೇವೆ. ಭಾವ ಬಾಗಿಲಲ್ಲೇ ನಿಂತು ಕತ್ತೆತ್ತುತ್ತಾರೆ. ಗ್ರಂಥಾಲಯ, ಕೋರ್ಟು, ಬ್ಯಾಂಕು, ರೈಲು ನಿಲ್ದಾಣ, ಎಲ್ಲಾದರೂ ಅಷ್ಟೇ. ಚಾವಣಿಗೆ ಅಂಟಿಸಿರುವ ಆ ಬಿಳಿ ಬಿಲ್ಲೆಗಳಿವೆಯಲ್ಲ, ಬೆಂಕಿಯ ಸುಳಿವು ಹಿಡಿಯುವ ಡಿಟೆಕ್ಟರುಗಳು, ಅವೆಂದರೆ ಅವರಿಗೆ ಪ್ರಾಣ. "ಅದು ನೋಡು, ಹೊಟ್ಟೆ ಉಬ್ಬಿ ಸುತ್ತ ಜಾಲರಿ ಇದೆ, ಹೊಗೆ ಹಿಡಿಯೋದು. ಪಕ್ಕದ್ದು ಬಿಸಿ ಹಿಡಿಯೋದು. ಅಲ್ಲೆಲ್ಲೋ ಒಲೆ ಇದೆ ಅಂತ ಲೆಕ್ಕ." ಗೋಡೆಯ ಮೇಲಿನ ಕೆಂಪು ಡಬ್ಬಿಯ ಗಾಜು ನೋಡಿ ಅದು ಯಾವ ಕಾಲದ್ದು ಎಂದು ಹೇಳುತ್ತಾರೆ. ಪುಟ್ಟ ಕೆಂಪು ದೀಪ ಮಿನುಗುತ್ತಿದ್ದರೆ ಜೀವ ಇದೆ, ಮಿನುಗದಿದ್ದರೆ ಸತ್ತಿದೆ. ಜೇಬಿನ ಪುಸ್ತಕದಲ್ಲಿ ಕಟ್ಟಡದ ಹೆಸರು, ಯಾವ ಜಾತಿಯವು ಎಷ್ಟು, ಜೀವ ಇರುವವು ಎಷ್ಟು, ಎಲ್ಲ ಬರೆದುಕೊಳ್ಳುತ್ತಾರೆ. ಅಂಥ ಹನ್ನೊಂದು ಪುಸ್ತಕಗಳು ಮನೆಯಲ್ಲಿವೆ. ಜೊತೆ ಕೆಲಸದವರು ಅವರಿಗೆ 'ಚಾವಣಿ' ಎಂದೇ ಹೆಸರಿಟ್ಟಿದ್ದರು.

ಒಮ್ಮೆ ಸಿನಿಮಾ ಮಂದಿರದಲ್ಲಿ ಆಟ ಶುರುವಾಗುವ ಮೊದಲೇ ಎದ್ದು ಹೋಗಿ ಮ್ಯಾನೇಜರನ್ನು ಹಿಡಿದುಕೊಂಡರು. ಚಾವಣಿಯಲ್ಲಿರುವುದೆಲ್ಲ ಬರೀ ಖಾಲಿ ಚಿಪ್ಪು, ಒಳಗೆ ಏನೂ ಇಲ್ಲ ಎಂದು ಜಗಳ. ಆತ, "ನೀವು ಪಿಕ್ಚರ್ ನೋಡೋಕೆ ಬಂದ್ರಾ, ಚಾವಣಿ ನೋಡೋಕೆ ಬಂದ್ರಾ?" ಎಂದ. ಹಿಂದೆಯೇ ಹೋಗಿದ್ದ ಅಕ್ಕ ಸೆರಗು ಸರಿ ಮಾಡಿಕೊಳ್ಳುತ್ತಾ, "ಪಿಕ್ಚರ್ ನಾನು ನೋಡ್ತೀನಿ, ಚಾವಣಿ ಅವರು ನೋಡ್ತಾರೆ. ಎರಡು ಟಿಕೆಟ್ಟೂ ದಂಡ ಆಗಲ್ಲ ಬಿಡಿ" ಎಂದಳು. ಮ್ಯಾನೇಜರಿಗೇ ನಗು ಬಂತು.

ಈ ಹುಚ್ಚು ಹೇಗೆ ಹತ್ತಿತು ಎಂದು ಒಮ್ಮೆ ಕೇಳಿದ್ದೆ. ಎಲ್ಲೋ ಬೆಂಕಿ ಬಿದ್ದಿರಬೇಕು, ಯಾರನ್ನೋ ಕಳೆದುಕೊಂಡಿರಬೇಕು ಎಂದುಕೊಂಡಿದ್ದೆ. ಅಂಥದ್ದೇನೂ ಇಲ್ಲವಂತೆ. "ಯಾರೂ ಅವನ್ನ ನೋಡಲ್ಲ ಕಣಯ್ಯ. ಪಾಪ, ಹಗಲೂ ರಾತ್ರಿ ಕಣ್ಣು ಬಿಟ್ಕೊಂಡು ಕೂತಿರ್ತವೆ. ಅದಕ್ಕೇ ನಾನು ನೋಡ್ತೀನಿ" ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಹುಚ್ಚೇ ಹೊಟ್ಟೆಪಾಡೂ ಆಗಿತ್ತು. ಬೆಂಕಿಯ ಎಚ್ಚರಿಕೆ ಗಂಟೆಗಳನ್ನು ನೋಡಿಕೊಳ್ಳುವ ಕಂಪನಿಯಲ್ಲಿ ಅವರು ಮೆಕ್ಯಾನಿಕ್. ನನ್ನ ವಾಚ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅಕ್ಕ ದುಂಬಾಲು ಬಿದ್ದು ನನ್ನನ್ನೂ ಅಲ್ಲಿಗೇ ಸೇರಿಸಿದಳು. ಹದಿನಾರು ವರ್ಷ ಭಾವ, ಭಾವಮೈದ ಜೋಡೆತ್ತಿನ ಹಾಗೆ ದುಡಿದೆವು. ಈ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಉದ್ದ ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ಒಂದೊಂದೇ ಡಿಟೆಕ್ಟರಿಗೆ ತಾಗಿಸುತ್ತಾ ಹೋಗಬೇಕು. ಅಯಸ್ಕಾಂತ ತಾಗಿದರೆ ಅದು ಬೆಂಕಿಯೆಂದೇ ತಿಳಿದು ಸುದ್ದಿ ಕಳಿಸುತ್ತದೆ. ಇನ್ನೊಬ್ಬರು ಕೆಳಗೆ ಪ್ಯಾನೆಲ್ ಮುಂದೆ, ಅಂದರೆ ಇಡೀ ಕಟ್ಟಡದ ತಂತಿಗಳು ಬಂದು ಸೇರುವ ಪೆಟ್ಟಿಗೆಯ ಮುಂದೆ ಕೂತಿರಬೇಕು. ಮೇಲಿನವನು ವಾಕಿಟಾಕಿಯಲ್ಲಿ "ಬಂತಾ?" ಎನ್ನುತ್ತಾನೆ. ಪ್ಯಾನೆಲ್ಲಿನಲ್ಲಿ ದೀಪ ಹತ್ತಿದರೆ ಕೆಳಗಿನವನು "ಬಂತು, ಮುಂದೆ" ಎನ್ನುತ್ತಾನೆ. ದಿನಕ್ಕೆ ನೂರು ಸಲ ಇದೇ ಮಾತು.

ಭಾವನದು ಒಂದು ಕಟ್ಟುನಿಟ್ಟು ಇತ್ತು. ಪ್ಯಾನೆಲ್ ಮುಂದೆ ಕೂತವನು ಕೊನೆಯ ಡಿಟೆಕ್ಟರು ಮುಗಿಯುವವರೆಗೆ ಏಳಕೂಡದು. ಭೂಮಿ ಬಾಯಿಬಿಟ್ಟರೂ ಏಳಕೂಡದು. ನಡುವೆ ಎದ್ದು ಹೋದವನು ವಾಪಸ್ ಬಂದು, ಪರೀಕ್ಷೆಗೆಂದು ಬಂದ್ ಮಾಡಿದ ಗಂಟೆಯ ಸ್ವಿಚ್ಚು ಹಾಕುತ್ತಾನೆಂದು ಏನು ಗ್ಯಾರಂಟಿ ಎಂದು ಅವರ ವಾದ. ಆ ಮಾತನ್ನು ನನ್ನ ತಲೆಗೆ ಬಡಿದು ಬಡಿದು ಕೂರಿಸಿದ್ದರು.

ಹೋದ ವರ್ಷ ಅಕ್ಕನ ಹೊಟ್ಟೆನೋವು ಗಡ್ಡೆ ಎಂದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ದೊಡ್ಡಾಸ್ಪತ್ರೆಯ ಮೂರನೇ ಮಹಡಿ, ಹೆಂಗಸರ ವಾರ್ಡು, ಕಿಟಕಿಯಿಂದ ಎರಡನೇ ಹಾಸಿಗೆ. ಸೇರಿಸಿದ ದಿನ ನಾನು ಚೀಲ ಇಡಲು ಜಾಗ ಹುಡುಕುತ್ತಿದ್ದರೆ ಭಾವ ಹಾಸಿಗೆಯ ಪಕ್ಕ ನಿಂತು ಮೇಲೆ ನೋಡುತ್ತಿದ್ದರು. "ಸತ್ತಿವೆ" ಎಂದರು. ಪಕ್ಕದ ಹಾಸಿಗೆಯ ಅಜ್ಜಿ ಗಾಬರಿಯಾಗಿ ಎದ್ದು ಕೂತರು. ವಾರ್ಡಿನ ಐದಕ್ಕೆ ಐದೂ ಮಿನುಗುತ್ತಿರಲಿಲ್ಲ. ಹೊರಗಿನ ಓಣಿಯಲ್ಲಿದ್ದವೂ ಅಷ್ಟೇ.

ಮೂರನೇ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಹೊರಗೆ ಕರೆದರು. "ಇನ್ನು ಹದಿನೈದು ದಿನ ಅಂದ್ಕೊಳ್ಳಿ. ಅದರಲ್ಲೂ ಮಂಪರು ಜಾಸ್ತಿ ಆಗ್ತಾ ಹೋಗುತ್ತೆ. ಮಾತಾಡೋದಿದ್ರೆ ಈಗಲೇ ಮಾತಾಡಿಬಿಡಿ" ಎಂದರು. ಭಾವ ತಲೆಯಾಡಿಸಿದರು. ಆಮೇಲೆ, "ಮೇಡಂ, ಈ ವಾರ್ಡಿನ ಫೈರ್ ಅಲಾರಂ ಯಾರು ನೋಡ್ಕೊಳ್ತಾರೆ?" ಎಂದು ಕೇಳಿದರು. ಭೂಮಿ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು.

ರೋಗಿಗಳನ್ನು ನೋಡಲು ಬಿಡುತ್ತಿದ್ದುದು ಸಂಜೆ ನಾಲ್ಕರಿಂದ ಆರರವರೆಗೆ. ಆಸ್ಪತ್ರೆಯ ಕಚೇರಿ ಐದಕ್ಕೆ ಮುಚ್ಚುತ್ತಿತ್ತು. ಹಾಗಾಗಿ ಭಾವ ನಾಲ್ಕಕ್ಕೆ ಬಂದು, ಅಕ್ಕನ ಕಾಲು ಮುಟ್ಟಿ ನೋಡಿ, ಸೀದಾ ಕೆಳಗಿಳಿಯುತ್ತಿದ್ದರು. ಸಮಸ್ಯೆ ಏನೆಂದು ಎರಡನೇ ದಿನಕ್ಕೇ ಕಂಡುಹಿಡಿದಿದ್ದರು. ಗೋಡೆಗೆ ಬಣ್ಣ ಹೊಡೆಯುವಾಗ ಧೂಳಿಗೆ ಗಂಟೆ ಹೊಡೆದುಕೊಳ್ಳಬಾರದೆಂದು ಯಾರೋ ಈ ಮಹಡಿಯ ಲೈನನ್ನು ಪ್ಯಾನೆಲ್ಲಿನಲ್ಲಿ ಬಂದ್ ಮಾಡಿದ್ದರು. ಮತ್ತೆ ಹಾಕಲು ಮರೆತಿದ್ದರು. ಎಚ್ಚರಿಸುವ ಹಳದಿ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದರ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದರು! ಪೆಟ್ಟಿಗೆಗೆ ಬೀಗ. ಕೀಲಿ ಹಳೇ ಕಂಟ್ರಾಕ್ಟರನ ಹತ್ತಿರ. ಎಲೆಕ್ಟ್ರಿಷಿಯನ್ ಕಚೇರಿಯತ್ತ ಕೈ ತೋರಿಸಿದ, ಕಚೇರಿಯವರು ಎಂಜಿನಿಯರ್ ಕಡೆ ತೋರಿಸಿದರು, ಎಂಜಿನಿಯರ್ ರಜೆ. ಭಾವ ಒಂದೊಂದು ಬಾಗಿಲಿಗೂ ಅರ್ಜಿ ಹಿಡಿದು ಅಲೆದರು. ಕಚೇರಿ ಮುಚ್ಚಿದ ಬಳಿಕ ವಾರ್ಡಿಗೆ ಬಂದರೂ ಕೂರದೆ, ಆರರ ತನಕ ಕತ್ತೆತ್ತಿಕೊಂಡು ನಿಂತಿರುತ್ತಿದ್ದರು.

ಮೇಲೆ ಅಕ್ಕ ಬಾಗಿಲು ನೋಡುತ್ತಾ ಮಲಗಿರುತ್ತಿದ್ದಳು. "ನಿಮ್ಮ ಭಾವನಿಗೆ ಒಂದು ಮಾತು ಹೇಳೋದಿದೆ ಕಣೋ" ಎಂದಳು ಒಂದು ಸಂಜೆ. "ಅವರು ಕೂತ್ಕೊಂಡ್ರೆ ಹೇಳ್ತೀನಿ. ಕತ್ತೆತ್ಕೊಂಡು ನಿಂತೋರಿಗೆ ಹೇಳೋ ಮಾತಲ್ಲ."

"ನನಗೆ ಹೇಳು, ನಾನು ಮುಟ್ಟಿಸ್ತೀನಿ."

"ಗಂಡ ಹೆಂಡ್ತಿ ಮಾತು, ನಿನಗ್ಯಾಕೋ? ಮಧ್ಯ ಬಾಯಿ ಹಾಕೋ ಚಾಳಿ ಇನ್ನೂ ಬಿಟ್ಟಿಲ್ವಲ್ಲ ನೀನು" ಎಂದು ನಕ್ಕಳು. ನಕ್ಕಿದ್ದಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದಳು.

ಅವತ್ತು ಮೆಟ್ಟಿಲ ಮೇಲೆ ಭಾವನನ್ನು ಹಿಡಿದು ಚೆನ್ನಾಗಿ ಬೈದೆ. "ಏನು ಭಾವ ಇದು? ಹೆಂಡ್ತಿ ಅಲ್ಲಿ ಮಲಗಿದ್ದಾಳೆ, ನೀವಿಲ್ಲಿ ಕೀಲಿ ಕೀಲಿ ಅಂತ ಸಾಯ್ತಿದ್ದೀರಿ. ಹೋಗಿ ಪಕ್ಕದಲ್ಲಿ ಕೂತ್ಕೊಳ್ಳೋಕೆ ಏನು ರೋಗ ನಿಮಗೆ?" ಅವರು ಕಂಬಿ ಹಿಡಿದು ನಿಂತಿದ್ದರು. "ಅವಳ ಮುಖ ನೋಡೋಕಾಗಲ್ಲ ಕಣಯ್ಯ. ಅವಳಿಗೆ ಏನೂ ಮಾಡೋಕಾಗಲ್ಲ ಅಂದ್ಬಿಟ್ರಲ್ಲ. ಇದೊಂದು ನನ್ನ ಕೈಲಿ ಮಾಡೋಕಾಗುತ್ತೆ. ಇದು ಮುಗೀಲಿ, ಆಮೇಲೆ ಕೂತ್ಕೊಳ್ತೀನಿ. ಏಳೋದೇ ಇಲ್ಲ." ಆದರೂ ನನ್ನ ಕೋಪ ಇಳಿಯಲಿಲ್ಲ.

ಹನ್ನೊಂದನೇ ದಿನ ಕೀಲಿ ಸಿಕ್ಕಿತು. ಎಂಜಿನಿಯರ್ ರಜೆಯಿಂದ ಬಂದವರು ಭಾವನ ಅರ್ಜಿ ನೋಡಿ, "ಇಷ್ಟು ಗೊತ್ತಿರೋರು ನೀವೇ ಮಾಡಿಕೊಡಿ" ಎಂದು ಒಪ್ಪಿಗೆ ಬರೆದುಕೊಟ್ಟು, ಹಳೇ ಕಂಟ್ರಾಕ್ಟರನಿಂದ ಕೀಲಿ ತರಿಸಿದರಂತೆ. ಭಾವ ನಮ್ಮ ಕೋಲು, ವಾಕಿಟಾಕಿ ಎಲ್ಲ ಹೊತ್ತು ತಂದಿದ್ದರು. ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. "ಒಟ್ಟು ಹದಿನಾಲ್ಕು. ಅರ್ಧ ಗಂಟೆ ಕೆಲಸ. ಆಮೇಲೆ ಆರರ ತನಕ ಅವಳ ಜೊತೆ" ಎಂದು ಪ್ಯಾನೆಲ್ಲಿಗೆ ಇಳಿದುಹೋದರು. ಆಗ ನಾಲ್ಕು ಗಂಟೆ ಹತ್ತು ನಿಮಿಷ.

ಸಿಸ್ಟರಿಗೆ ಹೇಳಿ ನಾನು ವಾರ್ಡಿನಲ್ಲಿ ಶುರು ಮಾಡಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಅಕ್ಕನ ತಲೆಯ ಮೇಲಿತ್ತು. ಎರಡು ದಿನದಿಂದ ಮಂಪರಿನಲ್ಲೇ ಇದ್ದವಳು ಅವತ್ತು ಕಣ್ಣು ಅಗಲಿಸಿ ನೋಡುತ್ತಿದ್ದಳು. ದೀಪ ಕೆಂಪಗೆ ಹತ್ತಿತು. ವಾಕಿಟಾಕಿಯಲ್ಲಿ ಭಾವನ ದನಿ "ಬಂತು!" ಎಂದಿತು. ಆ ದನಿ ಕೇಳಿ ಅಕ್ಕ ನನ್ನ ಅಂಗಿಯ ತುದಿ ಹಿಡಿದಳು.

"ಅವರನ್ನ ಕರಿಯೋ."

"ಕರೀತೀನಿ, ಇರು."

"ಈಗ್ಲೇ ಕರಿ. ಈಗ ತಲೆ ಸರಿಯಾಗಿದೆ ನನಗೆ. ಆಮೇಲೆ ಗೊತ್ತಿಲ್ಲ."

ನಾನು ವಾಕಿಟಾಕಿ ಒತ್ತಿದೆ. "ಭಾವ, ಅಕ್ಕ ಕರೀತಿದ್ದಾಳೆ. ಎದ್ದು ಬನ್ನಿ."

ಕರಕರ ಸದ್ದಿನ ನಡುವೆ ಭಾವನ ದನಿ ಬಂತು. "ಇನ್ನೂ ಒಂಬತ್ತಿದೆ ಕಣಯ್ಯ. ಇಲ್ಲಿ ಯಾರೂ ಇಲ್ಲ, ಹೇಗೆ ಏಳ್ಲಿ? ಹೀಗೆ ಯಾರೋ ಎದ್ದು ಹೋಗಿದ್ದಕ್ಕೇ ಅಲ್ವಾ ಇದೆಲ್ಲ ಸತ್ತು ಬಿದ್ದಿದ್ದು? ಬೇಗ ಮುಗಿಸು, ಓಡಿ ಬರ್ತೀನಿ."

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಬೈದೆ. ಬೈಯುತ್ತಾ ಬೈಯುತ್ತಾ ನಾನು ಮಾಡಿದ್ದೇನು ಗೊತ್ತೇ? ಅಕ್ಕನ ಕೈಯಿಂದ ಅಂಗಿ ಬಿಡಿಸಿಕೊಂಡೆ. "ಹತ್ತೇ ನಿಮಿಷ, ಕರ್ಕೊಂಡೇ ಬರ್ತೀನಿ" ಎಂದು ಕೋಲು ಹಿಡಿದು ಓಣಿಗೆ ಓಡಿದೆ. ಪ್ಯಾನೆಲ್ ಬಿಟ್ಟು ಏಳಬಾರದು ಎಂದು ಹದಿನಾರು ವರ್ಷ ಕಲಿತವನಿಗೆ ಬೇರೆ ದಾರಿ ಹೊಳೆಯಲೇ ಇಲ್ಲ. ಮೂರು ಮಹಡಿ ಇಳಿದು ನಾನು ಪ್ಯಾನೆಲ್ ಮುಂದೆ ಕೂತು ಅವರನ್ನು ಮೇಲೆ ಕಳಿಸಬಹುದಿತ್ತು. ಕೋಲು ಬಿಸಾಕಿ ನಾನಾದರೂ ಅವಳ ಪಕ್ಕ ಕೂರಬಹುದಿತ್ತು. ಕೂತು ಕಿವಿಯಾದರೂ ಕೊಡಬಹುದಿತ್ತಲ್ಲ! ಓಡಿದೆ. ಓಣಿಯಲ್ಲಿ ನಾಲ್ಕು, ಬಟ್ಟೆ ಕೋಣೆಯಲ್ಲಿ ಎರಡು, ಸಿಸ್ಟರ್ ಕೋಣೆ, ಔಷಧದ ಕೋಣೆ, ಮೆಟ್ಟಿಲು. "ಬಂತಾ?" "ಬಂತು." ಬಟ್ಟೆ ಕೋಣೆಯ ಬೀಗ ತೆಗೆಸಲು ಐದು ನಿಮಿಷ ಹಿಡಿಯಿತು. ಆಯಾಳ ಮೇಲೂ ರೇಗಿದೆ.

ಹದಿನಾಲ್ಕನೆಯದೂ ಬಂತು. "ಮುಗೀತು ಭಾವ, ಬನ್ನಿ!"

"ಗಂಟೆ ಬಾರಿಸೋದೊಂದು ಉಳೀತಲ್ಲ. ರೋಗಿಗಳಿಗೆ ತೊಂದರೆ ಆಗ್ಬಾರದು ಅಂತ ಇಷ್ಟೊತ್ತು ಗಂಟೆ ಬಂದ್ ಮಾಡಿಟ್ಟಿದ್ದೆ. ಹಾಕಿ ಒಂದ್ಸಲ ಬಾರಿಸಿ ನೋಡ್ಬೇಕು. ಅಲ್ಲಿ ಎಲ್ಲರಿಗೂ ಹೇಳಿದ್ದೀಯಾ? ಬಾರಿಸ್ಲಾ?"

ಇದು ನಮ್ಮ ಕೆಲಸದ ರೂಢಿ. ಮೇಲಿನವನು ಹೂಂ ಅನ್ನದೆ ಕೆಳಗಿನವನು ಗಂಟೆ ಬಾರಿಸುವ ಹಾಗಿಲ್ಲ. ಸಿಸ್ಟರ್ ಕಡೆ ನೋಡಿದೆ, ಆಕೆ ತಲೆಯಾಡಿಸಿದರು. "ಬಾರಿಸಿ, ಬೇಗ ಬಾರಿಸಿ" ಎಂದೆ.

ವಾರ್ಡಿನ ಬಾಗಿಲ ಮೇಲಿನ ಗಂಟೆ ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡಿತು. ಪೂರಾ ಒಂದು ನಿಮಿಷ. ಅದು ನಿಂತ ಸ್ವಲ್ಪ ಹೊತ್ತಿಗೆ ಭಾವ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದರು. ಕೈ ಒರೆಸಿಕೊಂಡರು, ಕೂದಲು ಸರಿ ಮಾಡಿಕೊಂಡರು. ಒಳಗೆ ಹೋಗಿ ಸ್ಟೂಲು ಎಳೆದುಕೊಂಡು ಅಕ್ಕನ ಪಕ್ಕ ಕೂತರು. ಅವಳ ಕಣ್ಣು ಮುಚ್ಚಿತ್ತು. "ಏ, ಬಂದೆ ನೋಡು. ಏನೋ ಹೇಳ್ಬೇಕು ಅಂದ್ಯಂತಲ್ಲ" ಎಂದರು. ಕೈ ಹಿಡಿದು ಅಲುಗಿಸಿದರು. ಸಿಸ್ಟರ್ ಬಂದು ರೆಪ್ಪೆ ಬಿಡಿಸಿ ನೋಡಿ, ಡಾಕ್ಟರನ್ನು ಕರೆಯಲು ಹೋದರು.

ಅವಳಿಗೆ ಮತ್ತೆ ಎಚ್ಚರವಾಗಲಿಲ್ಲ. ಭಾವ ಮಾತಿಗೆ ತಪ್ಪಲಿಲ್ಲ, ಸ್ಟೂಲು ಬಿಟ್ಟು ಏಳಲೇ ಇಲ್ಲ. ಸಿಸ್ಟರ್ ಕೂಡ ಅವರನ್ನು ಹೊರಗೆ ಕಳಿಸಲಿಲ್ಲ. ಮೂರನೇ ದಿನ ಬೆಳಿಗ್ಗೆ ಅಕ್ಕ ಹೋದಳು.

ಅವಳ ಬಟ್ಟೆಬರೆ ಚೀಲಕ್ಕೆ ತುಂಬುತ್ತಿದ್ದಾಗ ಪಕ್ಕದ ಹಾಸಿಗೆಯ ಅಜ್ಜಿ ನಮ್ಮಿಬ್ಬರನ್ನೂ ಹತ್ತಿರ ಕರೆದರು. "ಹೇಳ್ಲೋ ಬೇಡ್ವೋ ಅಂತ ಮೂರು ದಿನದಿಂದ ಒದ್ದಾಡ್ತಿದ್ದೀನಿ ಕಣಪ್ಪ" ಎಂದರು. "ಅವತ್ತು ನೀನು ಹೊರಗೆ ಓಡಿದ ಮೇಲೆ ಆಕೆ ಬಾಗಿಲು ನೋಡೀ ನೋಡೀ ಸಾಕಾಗಿ ನನ್ನ ಕಡೆ ತಿರುಗಿದ್ಲು. 'ಅಜ್ಜಿ, ಅವರು ಬಂದ್ರೆ ಹೇಳಿ' ಅಂತ ಶುರು ಮಾಡಿದ್ಲು. ಅಷ್ಟೊತ್ತಿಗೆ ಆ ಹಾಳು ಗಂಟೆ ಹೊಡ್ಕೊಳ್ತು. ಆಕೆ ನಿಲ್ಲಿಸ್ಲಿಲ್ಲ, ಹೇಳ್ತಾನೇ ಇದ್ಲು. ಬಾಯಿ ಆಡೋದು ಕಾಣ್ತಿತ್ತು, ನನಗೆ ಒಂದಕ್ಷರ ಕೇಳಿಸ್ಲಿಲ್ಲ. ಗಂಟೆ ನಿಲ್ಲೋ ಹೊತ್ತಿಗೆ ಹೇಳಿ ಮುಗಿಸಿ ಕಣ್ಣು ಮುಚ್ಕೊಂಡಿದ್ಲು."

ಭಾವ ಅಲ್ಲೇ ನೆಲದ ಮೇಲೆ ಕುಸಿದು ಕೂತು ತಲೆ ಚಚ್ಚಿಕೊಂಡರು. "ನಾನೇ ಬಾರಿಸಿದೆ, ನಾನೇ ಬಾರಿಸಿದೆ" ಎಂದು ಒಂದೇ ಸಮನೆ ಅಳುತ್ತಿದ್ದರು. ಹೌದು, ಬಾರಿಸಿದ್ದು ಅವರೇ. ಬಾರಿಸಲಾ ಎಂದು ನನ್ನನ್ನು ಕೇಳಿಯೇ ಬಾರಿಸಿದ್ದರು. ಅದನ್ನು ಅವರು ಅವತ್ತೂ ಎತ್ತಲಿಲ್ಲ, ಈ ಏಳು ತಿಂಗಳಲ್ಲಿ ಒಮ್ಮೆಯೂ ಎತ್ತಿಲ್ಲ. ನಾನು ಹೋದಾಗಲೆಲ್ಲ ಸುಮ್ಮನೆ ಚಹಾ ಮಾಡಿ ಕೊಡುತ್ತಾರೆ.